ಹಳೇ ಟಿವಿ ಎಸೆಯಬೇಡಿ, ಮೊದಲು ಆಂಟೆನಾ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ. ಮನೆಯಲ್ಲಿ ಹಳೇ ಟಿವಿ ಇದೆ, ಚೆನ್ನಾಗಿಯೇ ಇದೆ, ಆದರೆ ಪ್ರಸಾರ ಡಿಜಿಟಲ್ ಆಗಿಬಿಟ್ಟಿದೆ, ಈಗೇನು ಮಾಡೋದು ಅಂತ. ಡಿಶ್ ಅಥವಾ ಕೇಬಲ್ ಬಾಕ್ಸ್ ಇರುವವರಿಗೆ ಈ ತಲೆನೋವಿಲ್ಲ, ಆ ಬಾಕ್ಸೇ ಎಲ್ಲ ನೋಡಿಕೊಳ್ಳುತ್ತದೆ. ಆಂಟೆನಾದಿಂದ ನೇರವಾಗಿ ಟಿವಿ ನೋಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಇಪ್ಪತ್ತು ವರ್ಷದ ಹಿಂದಿನ ಪಿಕ್ಚರ್ ಟ್ಯೂಬ್ ಟಿವಿ. ಒಂದು ದಿನವೂ ರಿಪೇರಿಗೆ ಹೋಗಿಲ್ಲ. ಈಗ ಆಂಟೆನಾ ಸಿಗಿಸಿದರೆ ಪರದೆ ತುಂಬ ಬರೀ ಚುಕ್ಕೆ, ಜೊತೆಗೆ ಸುಂಯ್ ಅನ್ನೋ ಸದ್ದು. ಡಿಜಿಟಲ್ ಬಂದ ಮೇಲೆ ಇಂಥ ಟಿವಿ ಗುಜರಿಗೇ ಸರಿ ಅಂತ ಎಲ್ಲರೂ ಹೇಳುತ್ತಾರೆ. ಅಪ್ಪನಿಗೆ ಕೊಡೋಕೆ ಮನಸ್ಸಿಲ್ಲ. ಬೇರೆ ದಾರಿ ಇಲ್ವಾ ಸರ್?

ಉತ್ತರ: ಇದೆ. ನಿಮ್ಮ ಅಪ್ಪ ಹೇಳೋದೇ ಸರಿ, ಗುಜರಿಗೆ ಹಾಕಬೇಡಿ.

ಟಿವಿ ಒಳಗೆ ಎರಡು ಕೆಲಸ ಬೇರೆ ಬೇರೆಯಾಗಿ ನಡೆಯುತ್ತವೆ. ಆಂಟೆನಾದಿಂದ ಬಂದ ಅಲೆಗಳ ಗುಂಪಿನಿಂದ ನಮಗೆ ಬೇಕಾದ ಚಾನೆಲ್ ಹೆಕ್ಕಿ ತೆಗೆಯುವುದು ಟ್ಯೂನರ್ ಕೆಲಸ. ಹಾಗೆ ತೆಗೆದ ಚಿತ್ರವನ್ನು ತೋರಿಸುವುದು ಪಿಕ್ಚರ್ ಟ್ಯೂಬ್ ಕೆಲಸ. ನಿಮ್ಮ ಟಿವಿಯ ಟ್ಯೂಬು, ಸ್ಪೀಕರು ಚೆನ್ನಾಗಿವೆ. ಟ್ಯೂನರ್ ಕೂಡ ಕೆಟ್ಟಿಲ್ಲ, ಆದರೆ ಅದಕ್ಕೆ ಗೊತ್ತಿರುವುದು ಅನಲಾಗ್ ಒಂದೇ. ಅನಲಾಗ್ ಪ್ರಸಾರದಲ್ಲಿ ಚಿತ್ರದ ಬೆಳಕು ಏರಿಳಿದ ಹಾಗೆ ಅಲೆಯೂ ಏರಿಳಿಯುತ್ತದೆ. ಡಿಜಿಟಲ್‌ನಲ್ಲಿ ಹಾಗಲ್ಲ, ಚಿತ್ರವನ್ನು ಮೊದಲು ಸೊನ್ನೆ ಮತ್ತು ಒಂದರ ಅಂಕಿಗಳಾಗಿ ಮಾಡಿ, ಒತ್ತಿ ಚಿಕ್ಕದು ಮಾಡಿ, ದಾರಿಯಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ಅಂತ ಇನ್ನಷ್ಟು ಅಂಕಿ ಸೇರಿಸಿ ಕಳಿಸುತ್ತಾರೆ. ಆ ಅಂಕಿಗಳೆಲ್ಲ ನಿಮ್ಮ ಟಿವಿಗೆ ಬರೀ ಗದ್ದಲ. ಅದಕ್ಕೇ ಚುಕ್ಕೆ ಕಾಣುತ್ತಿದೆ.

ಆಂಟೆನಾಕ್ಕೂ ಟಿವಿಗೂ ನಡುವೆ ಒಂದು ಬಾಕ್ಸ್ ಇಟ್ಟರೆ ಸಾಕು. ಡಿಜಿಟಲ್ ಅಲೆಯನ್ನು ಅದು ಹಿಡಿದು, ಬಿಡಿಸಿ, ನಿಮ್ಮ ಟಿವಿಗೆ ಅರ್ಥ ಆಗುವ ಹಾಗೆ ಕೊಡುತ್ತದೆ. ಅಂಗಡಿಯಲ್ಲಿ ಸೆಟ್ ಟಾಪ್ ಬಾಕ್ಸ್ ಅಂತಲೋ ಕನ್ವರ್ಟರ್ ಅಂತಲೋ ಕೇಳಬಹುದು. ಟಿವಿ ಒಳಗೆ ಏನೂ ಬದಲಾಯಿಸಬೇಕಾಗಿಲ್ಲ. ದಯವಿಟ್ಟು ಹಿಂದಿನ ಕವಚ ಬಿಚ್ಚಲೇಬೇಡಿ. ಬಣ್ಣದ ಪಿಕ್ಚರ್ ಟ್ಯೂಬ್‌ನಲ್ಲಿ 20,000 ವೋಲ್ಟ್‌ಗೂ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ತುಂಬಾ ಹೊತ್ತು ಒಳಗೇ ಉಳಿದಿರಬಹುದು.

ನೋಡುವವರಿಗೆ ಇಷ್ಟು ತೊಂದರೆ ಕೊಟ್ಟು ಯಾಕೆ ಬದಲಾಯಿಸಿದರು ಅಂತ ಕೆಲವರು ಸಿಟ್ಟಿನಿಂದಲೇ ಬರೆದಿದ್ದಾರೆ. ಆ ಸಿಟ್ಟು ನನಗೆ ಅರ್ಥ ಆಗುತ್ತದೆ, ಆದರೆ ಕಾರಣ ಗಟ್ಟಿಯಾಗಿದೆ. ಅಲೆಗಳಲ್ಲಿ ಮೊದಲು ಒಂದು ಚಾನೆಲ್ ಹಿಡಿಸುತ್ತಿದ್ದ ಜಾಗದಲ್ಲಿ ಈಗ ನಾಲ್ಕೈದು ಚಾನೆಲ್, ಕೆಲವು ಕಡೆ ಅದಕ್ಕಿಂತ ಜಾಸ್ತಿ ಕೂರುತ್ತವೆ. ಉಳಿದ ಜಾಗದಲ್ಲಿ ಒಂದಷ್ಟು ಮೊಬೈಲ್ ಕಂಪನಿಗಳಿಗೆ ಹೋಯಿತು. ನೆದರ್‌ಲ್ಯಾಂಡ್ಸ್ 2006ರಲ್ಲೇ ಅನಲಾಗ್ ನಿಲ್ಲಿಸಿತು. ಅಮೆರಿಕದ ದೊಡ್ಡ ಸ್ಟೇಷನ್‌ಗಳು 2009ರ ಜೂನ್ 12ರಂದು ನಿಲ್ಲಿಸಿದವು. ಜಪಾನ್‌ನ ಬಹುಪಾಲು 2011ರಲ್ಲಿ, ಬ್ರಿಟನ್ 2012ರಲ್ಲಿ. ಅಲ್ಲೆಲ್ಲ ಎಷ್ಟೋ ಮನೆಗಳಲ್ಲಿ ಹಳೇ ಟಿವಿ ಮೇಲೆ ಇಂಥದ್ದೇ ಬಾಕ್ಸ್ ಕೂತು ವರ್ಷಗಟ್ಟಲೆ ಕೆಲಸ ಮಾಡಿತು.

ಬಾಕ್ಸ್ ತರೋಕೆ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಯಾರದಾದರೂ ಡಿವಿಡಿ ಪ್ಲೇಯರ್ ತಂದು ಟಿವಿಯ ಹಳದಿ ಸಾಕೆಟ್‌ಗೆ ಕೊಟ್ಟು ನೋಡಿ. ಚಿತ್ರ ಚೆನ್ನಾಗಿ, ಬಣ್ಣ ತುಂಬಿ ಬಂದರೆ ಧೈರ್ಯವಾಗಿ ಬಾಕ್ಸ್ ತನ್ನಿ. ಚಿತ್ರ ಮಂಕಾಗಿ ಮುಖಗಳೆಲ್ಲ ಮಸಿ ಬಳಿದ ಹಾಗೆ ಕಂಡರೆ ಟ್ಯೂಬ್ ಸವೆದಿದೆ ಅಂತ ಅರ್ಥ, ಆಗ ಬಾಕ್ಸ್‌ಗೆ ದುಡ್ಡು ಹಾಕೋದು ಬೇಡ. ಅಂಥ ಟಿವಿ ಕೊಡಲೇಬೇಕಾದರೂ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ, ಟ್ಯೂಬ್‌ನ ಗಾಜಿನಲ್ಲಿ ಸೀಸ ಇರುತ್ತದೆ.

ಪ್ರಶ್ನೆ: ಬೇರೆ ದೇಶದಲ್ಲಿರುವ ನಮ್ಮ ಅಣ್ಣ ಒಂದು ಒಳ್ಳೇ ಬಾಕ್ಸ್ ತಂದುಕೊಟ್ಟ. ಅಲ್ಲಿ ಅವನ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿತ್ತಂತೆ. ಇಲ್ಲಿ ಎಷ್ಟು ಸಲ ಹುಡುಕಿಸಿದರೂ ಒಂದು ಚಾನೆಲ್ಲೂ ಬರುತ್ತಿಲ್ಲ. ಕೆಟ್ಟಿರಬಹುದಾ?

ಉತ್ತರ: ಬಹುಶಃ ಕೆಟ್ಟಿಲ್ಲ. ಡಿಜಿಟಲ್ ಪ್ರಸಾರ ಜಗತ್ತಿಗೆಲ್ಲ ಒಂದೇ ಥರ ಇಲ್ಲ. ಅಮೆರಿಕ, ಕೆನಡಾ, ದಕ್ಷಿಣ ಕೊರಿಯಾದಲ್ಲಿ ಎಟಿಎಸ್‌ಸಿ. ಜಪಾನ್ ಮತ್ತು ಬ್ರೆಜಿಲ್‌ನಲ್ಲಿ ಐಎಸ್‌ಡಿಬಿ-ಟಿ. ಚೀನಾದಲ್ಲಿ ಡಿಟಿಎಂಬಿ. ಯುರೋಪು, ಆಸ್ಟ್ರೇಲಿಯಾ, ಭಾರತ ಮತ್ತು ಇನ್ನೂ ಎಷ್ಟೋ ದೇಶಗಳಲ್ಲಿ ಡಿವಿಬಿ-ಟಿ ಅಥವಾ ಅದರ ಮುಂದಿನ ತಲೆಮಾರಿನ ಡಿವಿಬಿ-ಟಿ2. ಒಂದಕ್ಕೆ ಮಾಡಿದ ಬಾಕ್ಸ್ ಇನ್ನೊಂದರಲ್ಲಿ ಮೂಕನ ಹಾಗೆ ಕೂತುಬಿಡುತ್ತದೆ. ಅಣ್ಣ ತಂದದ್ದರ ಕಥೆ ಇದೇ ಇರಬೇಕು. ಬಾಕ್ಸ್‌ನ ತಳದಲ್ಲಿ ಅಂಟಿಸಿರುವ ಚೀಟಿ ಓದಿ, ಅಲ್ಲಿ ಈ ಹೆಸರು ಬರೆದಿರುತ್ತದೆ.

ಕೊನೆಯಲ್ಲಿರುವ ಆ 2 ಅನ್ನೋ ಅಂಕಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟಿ2 ಬಾಕ್ಸ್‌ಗೆ ಸಾಮಾನ್ಯವಾಗಿ ಹಳೇ ಡಿವಿಬಿ-ಟಿ ಕೂಡ ಬರುತ್ತದೆ, ಆದರೆ ಹಳೇ ಬಾಕ್ಸ್‌ಗೆ ಟಿ2 ಬರುವುದಿಲ್ಲ. ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ ವಿಧಾನವೂ ಬೇರೆ ಬೇರೆ: ಎಂಪೆಗ್-2, ಎಂಪೆಗ್-4, ಈಗೀಗ ಎಚ್‌ಇವಿಸಿ. ಜರ್ಮನಿಯಲ್ಲಿ 2017ರಲ್ಲಿ ಟಿ2 ಮತ್ತು ಎಚ್‌ಇವಿಸಿಗೆ ಹೋದಾಗ, ಅದಕ್ಕೂ ಮೊದಲು ಡಿಜಿಟಲ್‌ಗೆ ಅಂತಲೇ ಬಾಕ್ಸ್ ತಂದುಕೊಂಡಿದ್ದವರು ಇನ್ನೊಂದು ಬಾಕ್ಸ್ ತರಬೇಕಾಯಿತು. ಹಾಗಾಗಿ ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ಬಾಕ್ಸ್ ತರಬೇಡಿ. ನಿಮ್ಮ ಕಡೆ ಈಗ ಯಾವ ಪ್ರಸಾರ ಇದೆ ಅಂತ ಕೇಳಿಕೊಂಡು, ಅದಕ್ಕೆ ಸರಿಹೊಂದುವುದರಲ್ಲಿ ಹೊಸದನ್ನೇ ತನ್ನಿ.

ಡಿಶ್ ಬಾಕ್ಸ್, ಕೇಬಲ್ ಬಾಕ್ಸ್ ಮನೆಯಲ್ಲಿ ಸುಮ್ನೆ ಬಿದ್ದಿದೆ, ಅದನ್ನೇ ಆಂಟೆನಾಕ್ಕೆ ಹಾಕಬಹುದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಆಗಲ್ಲ. ನೋಡೋಕೆ ಒಂದೇ ಥರ ಇದ್ದರೂ ಅವುಗಳ ಟ್ಯೂನರ್ ಬೇರೆ.

ಪ್ರಶ್ನೆ: ಬಾಕ್ಸ್‌ನ ಹಿಂದೆ ಎಚ್‌ಡಿಎಂಐ ಇದೆ, ಇನ್ನೊಂದು ಇಯರ್‌ಫೋನ್ ತೂತಿನಂಥದ್ದಿದೆ. ನಮ್ಮ ಟಿವಿಗೆ ಇವೆರಡೂ ಇಲ್ಲ. ಹಳದಿ, ಬಿಳಿ ಎರಡೇ ಇವೆ, ಮೇಲೆ ಆಂಟೆನಾದ್ದೊಂದು. ಹೇಗೆ ಜೋಡಿಸೋದು?

ಉತ್ತರ: ಆ ಇಯರ್‌ಫೋನ್ ತೂತಿನಂಥದ್ದೇ ನಿಮಗೆ ಬೇಕಾದದ್ದು. ಅದು ಎವಿ ಔಟ್. ಒಂದು ತುದಿಯಲ್ಲಿ ಚಿಕ್ಕ ಪಿನ್, ಇನ್ನೊಂದು ತುದಿಯಲ್ಲಿ ಹಳದಿ, ಬಿಳಿ, ಕೆಂಪು ಮೂರು ಪಿನ್ ಇರುವ ಕೇಬಲ್ ಬರುತ್ತದೆ. ಹಳದಿ ಚಿತ್ರಕ್ಕೆ. ಬಿಳಿ ಮತ್ತು ಕೆಂಪು ಧ್ವನಿಗೆ. ನಿಮ್ಮ ಟಿವಿಯಲ್ಲಿ ಕೆಂಪು ಇಲ್ಲ ಅಂದರೆ ಅದಕ್ಕೆ ಒಂದೇ ಧ್ವನಿ, ಬಿಳಿ ಹಾಕಿದರೆ ಸಾಕು. ಕೆಂಪನ್ನು ಹಾಗೇ ಬಿಟ್ಟುಬಿಡಿ.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಈ ಚಿಕ್ಕ ಪಿನ್ನಿನ ಕೇಬಲ್‌ಗಳು ಹೊರಗಿಂದ ಒಂದೇ ಥರ ಕಂಡರೂ ಒಳಗಿನ ಜೋಡಣೆ ಒಂದೇ ಥರ ಇರುವುದಿಲ್ಲ. ಹತ್ತಿರದಿಂದ ನೋಡಿ, ಆ ಪಿನ್ನಿನ ಮೇಲೆ ಮೂರು ಕಪ್ಪು ಉಂಗುರ ಇರುತ್ತವೆ, ಅವು ಪಿನ್ನನ್ನು ನಾಲ್ಕು ಭಾಗ ಮಾಡಿರುತ್ತವೆ. ಯಾವ ಭಾಗದಲ್ಲಿ ಚಿತ್ರ, ಯಾವ ಭಾಗದಲ್ಲಿ ನೆಲದ ತಂತಿ (ಗ್ರೌಂಡ್) ಅನ್ನೋದು ತಯಾರಿಸುವವರ ಇಷ್ಟ. ಬೇರೆ ಕ್ಯಾಮೆರಾದ ಕೇಬಲ್ ತಂದು ಹಾಕಿದರೆ ಚಿತ್ರ ಬರುವುದಿಲ್ಲ, ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತದೆ. ಆ ಗುಂಯ್ ಬಂದರೆ ಖುಷಿಪಡಿ, ಚಿತ್ರದ ತಂತಿ ಧ್ವನಿಯ ಸಾಕೆಟ್‌ಗೆ ಹೋಗಿದೆ ಅಂತ ಅರ್ಥ. ಕೆಂಪು ಪಿನ್ನನ್ನು ಹಳದಿ ಸಾಕೆಟ್‌ಗೆ ಹಾಕಿ ನೋಡಿ, ಆಗದಿದ್ದರೆ ಬಿಳಿಯದನ್ನು ಹಾಕಿ. ಎಷ್ಟೋ ಸಲ ಅಲ್ಲಿಗೇ ಚಿತ್ರ ಬಂದುಬಿಡುತ್ತದೆ. ಯಾವುದರಲ್ಲೂ ಬರದಿದ್ದರೆ ನೆಲದ ತಂತಿಯೇ ಅದಲು ಬದಲಾಗಿದೆ, ಬಾಕ್ಸ್ ಜೊತೆ ಬಂದ ಕೇಬಲ್ಲೇ ಬೇಕು.

ಆಮೇಲೆ ಟಿವಿಯನ್ನು ಎವಿಗೆ ತಿರುಗಿಸಬೇಕು. ರಿಮೋಟ್‌ನಲ್ಲಿ ಎವಿ ಅಥವಾ ವಿಡಿಯೋ ಅನ್ನೋ ಬಟನ್ ಇರುತ್ತದೆ. ರಿಮೋಟ್ ಕಳೆದುಹೋಗಿದ್ದರೆ ಟಿವಿ ಮೇಲಿನ ಚಾನೆಲ್ ಬಟನ್‌ನಲ್ಲಿ ಒಂದರಿಂದ ಕೆಳಗೆ ಇಳಿಯಿರಿ, ಎಷ್ಟೋ ಟಿವಿಗಳಲ್ಲಿ ಸೊನ್ನೆಯಲ್ಲಿ ಎವಿ ಇರುತ್ತದೆ.

ಚಿತ್ರ ಬಂತು ಆದರೆ ಕಪ್ಪು ಬಿಳುಪಾಗಿದೆ, ಅಥವಾ ಮೇಲಿಂದ ಕೆಳಗೆ ಉರುಳುತ್ತಿದೆ ಅಂದರೆ ಟಿವಿ ಕೆಟ್ಟಿತು ಅಂತ ಹೆದರಬೇಡಿ. ಅನಲಾಗ್ ಬಣ್ಣದ ಚಿತ್ರ ಕಳಿಸಲು ಎನ್‌ಟಿಎಸ್‌ಸಿ, ಪಾಲ್ (PAL) ಅಂತ ಬೇರೆ ಬೇರೆ ಪದ್ಧತಿ ಇವೆ. ಬಾಕ್ಸ್ ಎನ್‌ಟಿಎಸ್‌ಸಿಯಲ್ಲಿ ಕಳಿಸುತ್ತಿದೆ, ಟಿವಿಗೆ ಪಾಲ್ ಬೇಕಾಗಿದೆ, ಇಲ್ಲವೇ ಅದರ ತಿರುಗುಮುರುಗು. ಬಾಕ್ಸ್ ಮೆನುವಿನಲ್ಲಿ ಬದಲಾಯಿಸಿದರೆ ಸರಿಹೋಗುತ್ತದೆ.

ಟಿವಿಗೆ ಆಂಟೆನಾದ ತೂತು ಬಿಟ್ಟರೆ ಏನೂ ಇಲ್ಲ ಅನ್ನುವವರು ಬಾಕ್ಸ್ ತರುವಾಗಲೇ ಆರ್‌ಎಫ್ ಔಟ್, ಅಂದರೆ ಟಿವಿಯ ಆಂಟೆನಾ ತೂತಿಗೆ ಕೊಡುವ ಸಾಕೆಟ್, ಇದೆಯಾ ನೋಡಿಕೊಳ್ಳಿ. ಈಗಿನ ಎಷ್ಟೋ ಬಾಕ್ಸ್‌ಗಳಲ್ಲಿ ಅದು ಇರುವುದಿಲ್ಲ. ಆಗ ಆರ್‌ಎಫ್ ಮಾಡ್ಯುಲೇಟರ್ ಅಂತ ಇನ್ನೊಂದು ಚಿಕ್ಕ ಡಬ್ಬಿ ಬೇಕಾಗುತ್ತದೆ. ಬಾಕ್ಸ್‌ನ ಎವಿ ಅದಕ್ಕೆ ಕೊಟ್ಟರೆ, ಅದು ಒಂದು ಪುಟ್ಟ ಅನಲಾಗ್ ಸ್ಟೇಷನ್ ಥರ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ 3 ಅಥವಾ 4ನೇ ಚಾನೆಲ್‌ನಲ್ಲಿ, ಕೆಲವು ದೇಶಗಳಲ್ಲಿ 36ರ ಆಸುಪಾಸು. ಟಿವಿಯನ್ನು ಅಲ್ಲಿಗೆ ಟ್ಯೂನ್ ಮಾಡಬೇಕು. ಇನ್ನೂ ಹಳೇ ಟಿವಿಗಳಲ್ಲಿ ತೂತಿನ ಬದಲು ಎರಡು ಸ್ಕ್ರೂ ಇರುತ್ತವೆ, ಚಪ್ಪಟೆ ವಯರ್ ಸಿಗಿಸುವಂಥದ್ದು. ಅದು 300 ಓಮ್, ಈಗಿನ ದುಂಡು ಕೇಬಲ್ 75 ಓಮ್, ನಡುವೆ ಬಾಲನ್ (balun) ಅನ್ನೋ ಹೆಬ್ಬೆರಳಿನಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಬೇಕು.

ಪ್ರಶ್ನೆ: ಎಲ್ಲಾ ಸರಿಯಾಗಿ ಜೋಡಿಸಿದ್ದೇವೆ. ಬಾಕ್ಸ್‌ನ ಮೆನು ಟಿವಿಯಲ್ಲಿ ಕಾಣುತ್ತದೆ. ಆದರೆ ಚಾನೆಲ್ ಹುಡುಕಿಸಿದರೆ ಎರಡೋ ಮೂರೋ ಬರುತ್ತವೆ, ಅವೂ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತವೆ. ಮೊದಲು ಇದೇ ಆಂಟೆನಾದಲ್ಲಿ ಸ್ವಲ್ಪ ಮಂಜು ಮಂಜಾಗಿ ಆದರೂ ಬರುತ್ತಿತ್ತು. ಡಿಜಿಟಲ್ ಆಂಟೆನಾ ತರಬೇಕಾ?

ಉತ್ತರ: ಎಲ್ಲಕ್ಕಿಂತ ಜಾಸ್ತಿ ಪತ್ರ ಬಂದಿರೋದು ಇದರ ಬಗ್ಗೆ. ಬಾಕ್ಸ್ ತಂದವರು ಸಾಮಾನ್ಯವಾಗಿ ಬಾಕ್ಸನ್ನೇ ಅನುಮಾನಿಸುತ್ತಾರೆ, ವಾಪಸ್ ಕೊಟ್ಟು ಇನ್ನೊಂದು ತರುತ್ತಾರೆ, ಅದೂ ಹಾಗೇ ಆಗುತ್ತದೆ. ನಾನು ನೋಡಿದ ಹತ್ತು ಮನೆಗಳಲ್ಲಿ ಎಂಟರಲ್ಲಿ ತೊಂದರೆ ಇದ್ದದ್ದು ಆಂಟೆನಾದಲ್ಲಿ ಅಥವಾ ಅದರ ವಯರ್‌ನಲ್ಲಿ.

ಡಿಜಿಟಲ್ ಆಂಟೆನಾ ಅಂತ ಬೇರೆ ಏನೂ ಇಲ್ಲ. ಲೋಹದ ಕಡ್ಡಿಗೆ ತನ್ನ ಮೇಲೆ ಬಂದ ಅಲೆ ಅನಲಾಗಾ ಡಿಜಿಟಲ್ಲಾ ಅಂತ ಗೊತ್ತಾಗುವುದಿಲ್ಲ, ಅದು ಡಬ್ಬಿ ಮೇಲೆ ಬರೆಯುವ ಮಾತು. ನೋಡಬೇಕಾದದ್ದು ಕಡ್ಡಿಯ ಉದ್ದ. ಹಳೇ ಚಾನೆಲ್‌ಗಳು ಎಷ್ಟೋ ಕಡೆ ವಿಎಚ್‌ಎಫ್ ಅನ್ನೋ ಉದ್ದ ಅಲೆಗಳ ಗುಂಪಿನಲ್ಲಿದ್ದವು. 60 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 5 ಮೀಟರ್, ಅದರ ಅರ್ಧ ಎರಡೂವರೆ ಮೀಟರ್, ಅದಕ್ಕೇ ಆ ಆಂಟೆನಾಗಳ ಕಡ್ಡಿ ಅಷ್ಟುದ್ದ. ಡಿಜಿಟಲ್ ಹೆಚ್ಚಾಗಿ ಯುಎಚ್‌ಎಫ್ ಅನ್ನೋ ಗಿಡ್ಡ ಅಲೆಗಳ ಗುಂಪಿನಲ್ಲಿ ಬರುತ್ತದೆ. 600 ಮೆಗಾಹರ್ಟ್ಸ್‌ನಲ್ಲಿ ಅಲೆ ಅರ್ಧ ಮೀಟರ್, ಕಡ್ಡಿ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಿಮ್ಮ ಮಾಳಿಗೆ ಮೇಲಿರುವುದು ಉದ್ದ ಕಡ್ಡಿಗಳದ್ದು, ಪ್ರಸಾರ ಯುಎಚ್‌ಎಫ್‌ನಲ್ಲಿ ಅಂದರೆ ಆಂಟೆನಾ ಬದಲಾಯಿಸಬೇಕು. ಆಗಲೇ ಗಿಡ್ಡ ಕಡ್ಡಿಗಳದ್ದಿದ್ದರೆ ಅದನ್ನೇ ಇಟ್ಟುಕೊಳ್ಳಿ.

ಮೊದಲು ಮಂಜು ಮಂಜಾಗಿ ಬರುತ್ತಿತ್ತು, ಈಗ ಏನೂ ಇಲ್ಲ ಅಂತ ಬರೆದಿದ್ದೀರಿ, ಅದರಲ್ಲೇ ಉತ್ತರ ಇದೆ. ಅನಲಾಗ್‌ನಲ್ಲಿ ಸಿಗ್ನಲ್ ಕಮ್ಮಿಯಾದ ಹಾಗೆ ಚಿತ್ರ ನಿಧಾನವಾಗಿ ಕೆಡುತ್ತಾ ಹೋಗುತ್ತದೆ. ಡಿಜಿಟಲ್‌ನಲ್ಲಿ ತಪ್ಪು ತಿದ್ದಿಕೊಳ್ಳಲು ಆಗುವಷ್ಟು ಹೊತ್ತು ಚಿತ್ರ ಕನ್ನಡಿ ಥರ ಇರುತ್ತದೆ, ಆ ಗೆರೆ ದಾಟಿದರೆ ಚೌಕ ಚೌಕವಾಗಿ ಒಡೆಯುತ್ತದೆ, ಇನ್ನೊಂಚೂರು ಕಮ್ಮಿಯಾದರೆ ಪೂರ್ತಿ ಹೋಗಿಬಿಡುತ್ತದೆ. ಮಂಜು ಮಂಜಾದ ನಡುವಿನ ಸ್ಥಿತಿ ಅನ್ನೋದೇ ಇಲ್ಲ. ನೀವು ಆ ಗೆರೆಯ ಮೇಲೇ ನಿಂತಿದ್ದೀರಿ. ಅಂದರೆ ಸ್ವಲ್ಪ ಸುಧಾರಿಸಿದರೂ ಪೂರ್ತಿ ಚಿತ್ರ ಸಿಗುತ್ತದೆ.

ಒಳಗಿಂದ ಶುರು ಮಾಡಿ, ಮಾಳಿಗೆ ಆಮೇಲೆ. ಬಾಕ್ಸ್‌ಗೆ ಹೋಗುವ ಕೇಬಲ್‌ನ ತುದಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ನಡುವೆ ಒಂದು ಗಟ್ಟಿ ತಾಮ್ರದ ತಂತಿ, ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಕೂದಲೆಳೆಯಂಥ ತಂತಿಗಳ ಜಾಲರಿ. ಆ ಜಾಲರಿಯ ಒಂದೇ ಒಂದು ಎಳೆ ಬಾಗಿ ನಡುವಿನ ತಂತಿಗೆ ತಾಗಿದರೂ ಸಿಗ್ನಲ್ ಅಲ್ಲಿಗೇ ಮುಗಿಯಿತು. ಪಕ್ಕದ ಮನೆಯ ಅಜ್ಜಿಯ ಟಿವಿಗೆ ಇದೇ ಆಗಿತ್ತು. ಎರಡು ಬಾಕ್ಸ್ ಬದಲಾಯಿಸಿದ್ದರು, ಆಂಟೆನಾ ನಾಲ್ಕೂ ದಿಕ್ಕಿಗೆ ತಿರುಗಿಸಿದ್ದರು. ಕೊನೆಗೆ ಪಿನ್ ಬಿಚ್ಚಿದರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯೊಂದು ಅಡ್ಡ ಮಲಗಿತ್ತು. ಒಂದಿಂಚು ಕತ್ತರಿಸಿ ಹೊಸ ಪಿನ್ ಹಾಕಿದ ಮೇಲೆ ಎಲ್ಲಾ ಚಾನೆಲ್ ಬಂದವು.

ತಾಮ್ರ ಕಪ್ಪಾಗಿದ್ದರೆ ಕೇಬಲ್ ಒಳಗೆ ಮಳೆ ನೀರು ಇಳಿದಿದೆ. ಅಂಥದ್ದನ್ನು ಒಣಗಿಸಿ ಉಪಯೋಗಿಸೋಕೆ ಹೋಗಬೇಡಿ, ಪೂರ್ತಿ ಕೇಬಲ್ ಬದಲಾಯಿಸಿ, ಆರ್‌ಜಿ-6 ಅನ್ನೋ ಥರದ ಕೇಬಲ್ ಹಾಕಿ. ಮನೆ ಒಳಗೆ ಬರುವ ಜಾಗದಲ್ಲಿ ಕೇಬಲ್ ಒಂದು ಸುತ್ತು ಕೆಳಗೆ ಜೋತುಬಿದ್ದು ಮೇಲೆ ಬರುವ ಹಾಗಿರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಎರಡು ಟಿವಿಗೆ ಅಂತ ಸ್ಪ್ಲಿಟರ್ ಹಾಕಿದ್ದರೆ ಸದ್ಯಕ್ಕೆ ತೆಗೆಯಿರಿ, ಅದು ಸಿಗ್ನಲ್ ಅರ್ಧಕ್ಕಿಂತ ಕಮ್ಮಿ ಮಾಡುತ್ತದೆ.

ಇಷ್ಟಾದ ಮೇಲೆ ಆಂಟೆನಾ ತಿರುಗಿಸಿ. ಬಾಕ್ಸ್ ಮೆನುವಿನಲ್ಲಿ ಎರಡು ಪಟ್ಟಿ ಕಾಣುತ್ತವೆ, ಒಂದು ಸಿಗ್ನಲ್‌ನ ಬಲ, ಇನ್ನೊಂದು ಗುಣಮಟ್ಟ. ಎಲ್ಲರೂ ಬಲದ ಪಟ್ಟಿಯನ್ನೇ ನೋಡುತ್ತಾರೆ. ನೀವು ಗುಣಮಟ್ಟದ್ದನ್ನು ನೋಡಿ. ಬಲ 90 ಇದ್ದು ಗುಣಮಟ್ಟ 20 ಇದ್ದರೆ ಚಿತ್ರ ಬರುವುದಿಲ್ಲ, ಬಲ 50 ಇದ್ದು ಗುಣಮಟ್ಟ 80 ಇದ್ದರೆ ಆರಾಮಾಗಿ ಬರುತ್ತದೆ. ಪಟ್ಟಿ ಬದಲಾಗೋಕೆ ಒಂದೆರಡು ಸೆಕೆಂಡ್ ಬೇಕು, ಅದಕ್ಕೇ ಸ್ವಲ್ಪ ತಿರುಗಿಸಿ ನಿಲ್ಲಿಸಿ, ಕೆಳಗಿರುವವರು ಹೇಳಿದ ಮೇಲೆ ಇನ್ನೊಂಚೂರು ತಿರುಗಿಸಿ. ಕರೆಂಟ್ ತಂತಿ ಹತ್ತಿರ ಇರುವ ಮಾಳಿಗೆ ಮೇಲೆ, ಅಥವಾ ಮೋಡ ಕಟ್ಟಿ ಗುಡುಗುವಾಗ ಈ ಕೆಲಸ ಬೇಡವೇ ಬೇಡ. ಆಂಟೆನಾ ಸರಿಯಾದ ದಿಕ್ಕಿಗೆ ಕೂತ ಮೇಲೆ ಇನ್ನೊಂದು ಸಲ ಪೂರ್ತಿ ಹುಡುಕಿಸಬೇಕು, ಇಲ್ಲದಿದ್ದರೆ ಹೊಸದಾಗಿ ಸಿಗುವ ಚಾನೆಲ್‌ಗಳು ಪಟ್ಟಿಗೆ ಸೇರುವುದಿಲ್ಲ.

ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಹಾಕಲಾ ಅಂತ ತುಂಬಾ ಜನ ಕೇಳುತ್ತಾರೆ. ಕೇಬಲ್ ತುಂಬಾ ಉದ್ದ ಇದ್ದರೆ ಹಾಕಿ, ಆಂಟೆನಾದ ಹತ್ತಿರವೇ ಹಾಕಿ. ಟವರ್ ಹತ್ತಿರ ಇರುವವರು ಹಾಕಿದರೆ ಬಾಕ್ಸ್‌ನ ಟ್ಯೂನರ್‌ಗೆ ಹೊರೆ ಜಾಸ್ತಿಯಾಗಿ ಬರುತ್ತಿದ್ದ ಚಾನೆಲ್ಲೂ ಹೋಗುತ್ತವೆ. ಬಾಕ್ಸ್ ಮೆನುವಿನಲ್ಲಿ ಆಂಟೆನಾ ಪವರ್ ಅಂತ ಇದ್ದರೆ ಅದು ಕೇಬಲ್ ಮೂಲಕ ಬೂಸ್ಟರ್‌ಗೆ 5 ವೋಲ್ಟ್ ಕಳಿಸಲು. ಬೂಸ್ಟರ್ ಇಲ್ಲದವರು ಅದನ್ನು ಆಫ್ ಮಾಡಿಡಿ.

ಪ್ರಶ್ನೆ: ಚಿತ್ರ ಬಂದಿದೆ, ಆದರೆ ಎಲ್ಲರೂ ಸಣಕಲಾಗಿ, ಉದ್ದುದ್ದ ಕಾಣುತ್ತಾರೆ.

ಉತ್ತರ: ಈಗಿನ ಕಾರ್ಯಕ್ರಮಗಳು 16:9 ಅಳತೆಯವು, ನಿಮ್ಮ ಟಿವಿ 4:3. ಬಾಕ್ಸ್‌ನ ಮೆನುವಿನಲ್ಲಿ ಟಿವಿಯ ಅಳತೆ 4:3 ಅಂತ ಆರಿಸಿ, ಲೆಟರ್‌ಬಾಕ್ಸ್ ಅಂತ ಕೊಡಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಪರದೆಯ ಕಾಲು ಭಾಗ ಖಾಲಿ. ಪರದೆ ತುಂಬಲೇಬೇಕು ಅಂದರೆ ಪ್ಯಾನ್ ಸ್ಕ್ಯಾನ್ ಕೊಡಬಹುದು, ಆದರೆ ಎರಡೂ ಬದಿ ಕತ್ತರಿಸಿ ಹೋಗುತ್ತದೆ, ಆಟದ ಸ್ಕೋರ್ ಅರ್ಧ ಕಾಣುವುದಿಲ್ಲ. ನನ್ನ ಕೇಳಿದರೆ ಕಪ್ಪು ಪಟ್ಟಿಯೇ ವಾಸಿ.

ಪ್ರಶ್ನೆ: ಒಂದೇ ಬಾಕ್ಸ್‌ನಿಂದ ಎರಡು ರೂಮಿನಲ್ಲಿ ಬೇರೆ ಬೇರೆ ಚಾನೆಲ್ ನೋಡಬಹುದಾ?

ಉತ್ತರ: ಆಗಲ್ಲ. ಚಾನೆಲ್ ಆರಿಸುವುದು ಬಾಕ್ಸ್, ಅದರಲ್ಲಿ ಯಾವುದು ಓಡುತ್ತದೋ ಎರಡೂ ಟಿವಿಯಲ್ಲಿ ಅದೇ. ಎರಡನೇ ಟಿವಿಗೆ ಎರಡನೇ ಬಾಕ್ಸ್ ಬೇಕು.

ಪ್ರಶ್ನೆ: ನಮ್ಮ ಅಮ್ಮನಿಗೆ ಎಂಬತ್ತು ದಾಟಿದೆ. ಹಳೇ ಟಿವಿಯನ್ನು ತಾವೇ ಹಾಕಿಕೊಂಡು ನೋಡುತ್ತಿದ್ದರು. ಬಾಕ್ಸ್ ಬಂದ ಮೇಲೆ ಎರಡು ರಿಮೋಟ್ ಆಯಿತು. ಯಾವುದೋ ಬಟನ್ ಒತ್ತಿ ಎವಿಯಿಂದ ಹೊರಗೆ ಹೋಗಿಬಿಡುತ್ತಾರೆ, ಚುಕ್ಕೆ ಬರುತ್ತದೆ, ನಾವು ಬರುವ ತನಕ ಸುಮ್ಮನೆ ಕೂತಿರುತ್ತಾರೆ. ನೋಡಿ ಬೇಜಾರಾಗುತ್ತದೆ.

ಉತ್ತರ: ಓದಿ ನನಗೂ ಬೇಜಾರಾಯಿತು. ಇದಕ್ಕೆ ದಾರಿ ಇದೆ.

ಹಳೇ ಟಿವಿಗಳಲ್ಲಿ ಎಷ್ಟೋ ಮಾದರಿಗಳು ಎವಿಯನ್ನು ನೆನಪಿಟ್ಟುಕೊಳ್ಳುವುದಿಲ್ಲ, ಹಾಕಿದ ತಕ್ಷಣ ಒಂದನೇ ನಂಬರಿಗೆ ಹೋಗುತ್ತವೆ. ಹಾಗಾಗಿ ಅಮ್ಮನಿಗೆ ಎವಿ ಜೋಡಣೆಯೇ ಬೇಡ. ನಿಮ್ಮ ಬಾಕ್ಸ್‌ಗೆ ಆರ್‌ಎಫ್ ಔಟ್ ಇದ್ದರೆ ಅದನ್ನು ಟಿವಿಯ ಆಂಟೆನಾ ತೂತಿಗೆ ಕೊಡಿ, ಇಲ್ಲದಿದ್ದರೆ ಮೇಲೆ ಹೇಳಿದ ಮಾಡ್ಯುಲೇಟರ್ ತನ್ನಿ. ಚಿತ್ರ ಎವಿಯಷ್ಟು ಚೊಕ್ಕಟವಾಗಿ ಬರುವುದಿಲ್ಲ, ಪರವಾಗಿಲ್ಲ. ಟಿವಿಯ ಟ್ಯೂನಿಂಗ್ ಮೆನುವಿಗೆ ಹೋಗಿ ಅದರ ಚಿತ್ರವನ್ನು ಒಂದನೇ ನಂಬರಿನಲ್ಲಿ ಉಳಿಸಿ. ಎರಡರಿಂದ ಮುಂದಿನ ನಂಬರುಗಳಲ್ಲೂ, ಟಿವಿ ಬಿಟ್ಟಷ್ಟು ಕಡೆ, ಅದನ್ನೇ ಉಳಿಸಿ. ಈಗ ಟಿವಿ ರಿಮೋಟ್‌ನಲ್ಲಿ ಅಮ್ಮ ಯಾವ ನಂಬರ್ ಒತ್ತಿದರೂ ಬಾಕ್ಸ್‌ನ ಚಿತ್ರವೇ ಬರುತ್ತದೆ, ದಾರಿ ತಪ್ಪುವ ಪ್ರಶ್ನೆಯೇ ಇಲ್ಲ.

ಆಮೇಲೆ ಟಿವಿ ರಿಮೋಟನ್ನು ಎತ್ತಿಟ್ಟುಬಿಡಿ. ಟಿವಿಯ ಸೌಂಡ್ ಸ್ವಲ್ಪ ಜಾಸ್ತಿಯಲ್ಲೇ ಇಟ್ಟು, ಏರಿಸೋದು ಇಳಿಸೋದು ಬಾಕ್ಸ್ ರಿಮೋಟ್‌ನಿಂದಲೇ ಆಗಲಿ. ಬಾಕ್ಸ್ ಮತ್ತು ಟಿವಿ ಎರಡನ್ನೂ ಒಂದೇ ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ, ಆದರೆ ಕರೆಂಟ್ ಬಂದ ತಕ್ಷಣ ಎರಡೂ ತಾವೇ ಶುರುವಾಗುತ್ತವಾ ಅಂತ ಮೊದಲು ನೋಡಿಕೊಳ್ಳಿ. ಕೆಲವು ಬಾಕ್ಸ್‌ಗಳು ಕೆಂಪು ದೀಪ ಹಚ್ಚಿಕೊಂಡು ನಿಂತಿರುತ್ತವೆ, ಆಗ ರಿಮೋಟ್‌ನ ಪವರ್ ಬಟನ್ ಒಂದು ಸಲ ಒತ್ತಬೇಕಾಗುತ್ತದೆ. ಬಾಕ್ಸ್ ರಿಮೋಟ್‌ನಲ್ಲಿ ಅಮ್ಮನಿಗೆ ಬೇಕಾದದ್ದು ಪವರ್, ಚಾನೆಲ್, ಸೌಂಡ್, ಮೂರೇ. ಉಳಿದ ಬಟನ್‌ಗಳ ಮೇಲೆ ಒಂದು ದಪ್ಪ ರಟ್ಟು ಕತ್ತರಿಸಿ ಟೇಪ್ ಹಾಕಿ ಅಂಟಿಸಿ. ಅವರು ದಿನಾ ನೋಡುವ ನಾಲ್ಕೈದು ಚಾನೆಲ್‌ಗಳನ್ನು ಬಾಕ್ಸ್‌ನ ಪಟ್ಟಿಯಲ್ಲಿ ಮೊದಲಿಗೆ ತಂದಿಡಿ, ಮೊದಲು ಅನಲಾಗ್‌ನಲ್ಲಿ ಯಾವ ಸಾಲಿನಲ್ಲಿದ್ದವೋ ಅದೇ ಸಾಲಿನಲ್ಲಿ.